ಹೆಸರು ಹೇಳದವಳು ಕಮಾಂಡು ಕಲಿತದ್ದು

ನಮ್ಮ ಮನೆಯ ಲ್ಯಾಪ್‌ಟಾಪಿನ ಮೇಲಿನ ಸಾಲಿನಲ್ಲಿ ಎಫ್ ಒಂಬತ್ತು ಎಂಬ ಒಂದು ಗುಂಡಿ ಇದೆ. ಅದರ ಮೇಲೊಂದು ಕೆಂಪು ಕಲೆ. ಬ್ಯಾಡಗಿ ಮೆಣಸಿನಕಾಯಿಯದು. ಮನೆಗೆ ಬಂದವರು ಅದನ್ನು ನೋಡಿದ ಕೂಡಲೇ "ಟೀಚರ್, ಸ್ವಲ್ಪ ಹಸಿ ಅರಿವಿಲೆ ಒರಸ್ರಿ, ಹೋಗ್ತೈತಿ" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ, ಆದರೆ ಒರೆಸಿಲ್ಲ. ಒರೆಸುವ ವಿಚಾರವೂ ಇಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಅರಿಶಿನದ ಒಂದು ಹನಿ ಬಿದ್ದರೂ ಕೈಲಿದ್ದ ಕೆಲಸ ಬಿಟ್ಟು ತಿಕ್ಕುವ ಹೆಂಗಸು ನಾನು. ಇದೊಂದು ಕಲೆಯನ್ನು ಯಾಕೆ ಸಾಕಿಕೊಂಡಿದ್ದೇನೆ ಎಂಬುದನ್ನು ಹೇಳಬೇಕೆಂದರೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ. ನನಗೆ ನೆಟ್ಟಗೆ ಹೇಳಲು ಬರುವುದೂ ಇಲ್ಲ.

ನಮ್ಮವರು ಗದಗಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾನು ಬೆಟಗೇರಿಯ ಕನ್ನಡ ಶಾಲೆಯಲ್ಲಿ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದವಳು. ಇಬ್ಬರೂ ಮನೆಯಲ್ಲೇ ಕೂತ ಮೇಲೆ ಅವರಿಗೆ ಕಲಿಸಲು ಯಾರೂ ಸಿಗದೆ ಕೈ ಕಡಿಯತೊಡಗಿತು. ಮೊದಲು ಹಾಲಿನ ಹುಡುಗನಿಗೆ ವರ್ಗಮೂಲ ಹೇಳಿಕೊಡಲು ನೋಡಿದರು. ಅವನು ಹಾಲಿನ ಪಾಕೀಟನ್ನು ಗೇಟಿಗೆ ಸಿಕ್ಕಿಸಿ ಓಡಿಹೋಗುವುದನ್ನು ರೂಢಿ ಮಾಡಿಕೊಂಡ. ಉಳಿದವಳು ನಾನು.

ನನಗೂ ಒಂದು ಕೆಲಸವಿತ್ತು. ಮಗಳು ದೀಪಾಳ ಕುಬಸ, ಅಂದರೆ ಸೀಮಂತ, ಹತ್ತಿರ ಬಂದಿತ್ತು. ಕುಬಸಕ್ಕೆ ಬರುವ ಹೆಂಗಸರಿಗೆ ಕುಪ್ಪಸದ ಖಣದ ಜೊತೆ ಏನಾದರೂ ಬೇರೆ ಕೊಡಬೇಕು, ಸ್ಟೀಲಿನ ಡಬ್ಬಿ ಎಲ್ಲರೂ ಕೊಡುತ್ತಾರೆ ಎಂದು ತಲೆಯಲ್ಲಿ ಹುಳ ಹೊಕ್ಕಿತ್ತು. ನಮ್ಮ ಬಳಗದ ಹೆಂಗಸರ ಒಡಪುಗಳನ್ನು ಕೂಡಿಸಿ ಒಂದು ಕಿರುಪುಸ್ತಕ ಮಾಡಿದರೆ ಹೇಗೆ? ಒಡಪು ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಹೆಂಡತಿಯಾದವಳು ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವಂತಿಲ್ಲ. ಮದುವೆಯಲ್ಲೋ ಕುಬಸದಲ್ಲೋ ಹೆಂಗಸರೆಲ್ಲ ಸುತ್ತುಗಟ್ಟಿ "ಹೆಸರ ಹೇಳವ್ವಾ" ಎಂದು ಕಾಡಿದಾಗ, ಪ್ರಾಸ ಕೂಡಿಸಿದ ಎರಡು ಸಾಲಿನ ನಡುವೆ ಆ ಹೆಸರನ್ನು ಇಟ್ಟು ಪಟ್ಟನೆ ಹೇಳಿ ಮುಖ ಮುಚ್ಚಿಕೊಳ್ಳಬೇಕು. ಅದೇ ಒಡಪು. ಈಗಿನ ಹುಡುಗಿಯರು ಗಂಡನನ್ನು ಹೆಸರು ಹಿಡಿದು ಓಣಿಗೆಲ್ಲ ಕೇಳುವಂತೆ ಕೂಗುತ್ತಾರೆ. ಕೂಗಲಿ, ನನಗೇನೂ ತಕರಾರಿಲ್ಲ. ಆದರೆ ಕುಬಸದಲ್ಲಿ ಒಡಪು ಹೇಳು ಎಂದರೆ ಅವರು ಮೊಬೈಲಿನಲ್ಲಿ ಹುಡುಕುತ್ತಾರೆ.

ಪುಸ್ತಕ ಎಂದ ಕೂಡಲೇ ನಮ್ಮವರ ಕಣ್ಣು ಮಿನುಗಿತು. "ಬಾ, ಕುಂಡ್ರು. ಟೈಪ್ ಮಾಡೂದು ನಾ ಕಲಸ್ತೀನಿ" ಎಂದರು.

ಅವರು ತೋರಿಸಿದ ಎಡಿಟರನ್ನು, ಅಂದರೆ ಬರೆಯುವ ಪ್ರೋಗ್ರಾಮನ್ನು, ನೋಡಿ ನನಗೆ ಕಂಪ್ಯೂಟರು ಕೆಟ್ಟಿದೆ ಅನ್ನಿಸಿತು. ಕಪ್ಪು ಪರದೆ. ಚಿತ್ರವಿಲ್ಲ, ಒತ್ತಲು ಬಟನ್ನುಗಳಿಲ್ಲ. ಮೂಲೆಯಲ್ಲಿ ಒಂದು ಕರ್ಸರ್ ಮಿಣಿಮಿಣಿ ಅನ್ನುತ್ತ ಕಾಯುತ್ತಿತ್ತು.

"ಮೌಸ್ ಎಲ್ಲೈತ್ರಿ?"

"ಇದಕ್ಕ ಮೌಸ್ ಬ್ಯಾಡ. ಬಟ್ಟು ಮಾಡಿ ತೋರ್ಸೂದು, ಕಣ್ಣು ಹೊಡಿಯೂದು ನಡಿಯಂಗಿಲ್ಲ. ಏನ್ ಬೇಕು ಅದನ್ನ ಹೆಸರಿಟ್ಟು ಹೇಳ್ಬೇಕು. ಹೇಳಿದಷ್ಟ ಮಾಡ್ತೈತಿ."

ನಾನು ಭಕ್ತಿಯಿಂದ 'ಶ್ರೀ' ಎಂದು ಬರೆಯಲು ಹೋದೆ. ಆ ಪುಣ್ಯಾತ್ಮ ಏನೋ ಒಂದು ಅಳಿಸಿ, ಇನ್ನೇನೋ ತೆರೆದು, ಕೊನೆಗೆ ಕೀಂ ಎಂದಿತು. ಬರೆಯುವ ಮೊದಲು 'ನಾನು ಈಗ ಬರೆಯುತ್ತೇನೆ' ಎಂದು ಅದಕ್ಕೆ ಒಂದು ಅಕ್ಷರದಲ್ಲಿ ಹೇಳಬೇಕಂತೆ. ಬರೆದು ಮುಗಿದ ಮೇಲೆ 'ಮುಗಿಯಿತು' ಎಂದೂ ಹೇಳಬೇಕಂತೆ. ಅದೂ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದ ಕೀಲಿಮಣೆ ಇಟ್ಟುಕೊಂಡೇ ಕಮಾಂಡು ಕೊಟ್ಟರೆ ಅದು ಮಿಕಮಿಕ ನೋಡುತ್ತದೆ. ಹೀಗಾಗಿ ಒಡಪು ಬರೆಯಲು ಕನ್ನಡ, ಎಡಿಟರಿಗೆ ಹೇಳಲು ಇಂಗ್ಲಿಷ್ ಎಂದು ಸಾಲಿಗೊಮ್ಮೆ ಬಾಯಿ ಬದಲಿಸುತ್ತ ಕೂತೆ. ಮೊದಲ ದಿನ ಅದರಿಂದ ಹೊರಗೆ ಬರುವ ಕಮಾಂಡು ಮರೆತು ಮುಚ್ಚಳವನ್ನೇ ಮುಚ್ಚಿಟ್ಟು ಪಲ್ಯ ಹೆಚ್ಚಲು ಎದ್ದುಹೋದೆ.

ಆದರೂ, ಖರೇ ಹೇಳಬೇಕೆಂದರೆ, ನನಗೆ ಅದರ ಮೇಲೆ ಕುತೂಹಲ ಹುಟ್ಟಿಬಿಟ್ಟಿತ್ತು. ಹೇಳಿದಷ್ಟೇ ಮಾಡುವ ಪ್ರಾಣಿಯನ್ನು ನಾನು ಮನೆಯಲ್ಲಿಯೂ ಕಂಡಿರಲಿಲ್ಲ, ಶಾಲೆಯಲ್ಲಿಯೂ ಕಂಡಿರಲಿಲ್ಲ. ಒಂದು ಶಬ್ದ ಅಳಿಸುವುದಕ್ಕೆ ಒಂದು ಮಾತು, ಇಡೀ ಸಾಲಿಗೆ ಇನ್ನೊಂದು, ಅಳಿಸಿದ್ದನ್ನು ಮರಳಿ ತರುವುದಕ್ಕೆ ಮತ್ತೊಂದು. ಈ ಮರಳಿ ತರುವ ಕಮಾಂಡಂತೂ ನನಗೆ ಬಹಳ ಹಿಡಿಸಿತು. ಬೇಕೆಂದೇ ಅಳಿಸಿ, ಬೇಕೆಂದೇ ತಂದು, ಮಧ್ಯಾಹ್ನವೆಲ್ಲ ಆಡಿದೆ.

ಆಗ ನೆನಪಾದವರು ನಮ್ಮ ಕವಾಯತು ಮಾಸ್ತರರು. ನಾನು ಹುಟ್ಟಿ ಬೆಳೆದದ್ದು ಲಕ್ಷ್ಮೇಶ್ವರದಲ್ಲಿ. ಶಾಲೆಯ ಅಂಗಳದಲ್ಲಿ ಅವರು "ಸಾವಧಾನ್" ಎಂದರೆ ನಾವೆಲ್ಲ ಕೋಲಿನ ಹಾಗೆ ನಿಲ್ಲಬೇಕು, "ವಿಶ್ರಾಮ್" ಎನ್ನುವ ತನಕ ಮೂಗಿನ ಮೇಲೆ ನೊಣ ಕೂತರೂ ಅಲುಗುವಂತಿಲ್ಲ. ಒಂದು ದಿನ ಸಾವಧಾನ್ ಎಂದವರು ಯಾರೋ ಕರೆದರೆಂದು ಆಫೀಸಿಗೆ ಹೋದರು, ಅಲ್ಲಿ ಅವಲಕ್ಕಿ ಚಹಾ ಬಂತು, ನಮ್ಮ ನೆನಪು ಹೋಯಿತು. ನಾವು ನಿಂತೇ ಇದ್ದೆವು. ಬಿಸಿಲು ನೆತ್ತಿಗೇರಿ ನನ್ನ ಗೆಳತಿಯೊಬ್ಬಳು ದೊಪ್ಪನೆ ಕೂತಾಗಲೇ ಗದ್ದಲವಾಗಿ ಅವರು ಓಡಿ ಬಂದದ್ದು. ಈ ಎಡಿಟರಿನ ಕರ್ಸರ್ ನಾನು ಪಲ್ಯ ಹೆಚ್ಚಿ, ಉಂಡು, ಒಂದು ನಿದ್ದೆ ಮಾಡಿ ಬಂದರೂ ಇಟ್ಟಲ್ಲೇ ಮಿಣುಕುತ್ತಿತ್ತು. ನನಗೆ ಒಮ್ಮೊಮ್ಮೆ ಅದಕ್ಕೆ ವಿಶ್ರಾಮ್ ಅನ್ನಬೇಕೆನಿಸುತ್ತಿತ್ತು.

ಇನ್ನೊಂದು ತೊಡಕು ನನ್ನದೇ. ಹೆಸರಿಟ್ಟು ಹೇಳು ಎಂದರೆ ನನ್ನಂಥವಳಿಗೆ ಎಲ್ಲಿಂದ ಬರಬೇಕು? ಇಷ್ಟು ವರ್ಷದ ಸಂಸಾರವನ್ನು "ರೀ", "ಕೇಳಿಸ್ತೇನ್ರೀ", "ಇಲ್ನೋಡ್ರಿ" ಇಷ್ಟರಲ್ಲೇ ಹೊಂದಿಸಿಕೊಂಡು ಬಂದವಳು ನಾನು. ನಮ್ಮ ಅತ್ತೆ ನನಗಿಂತಲೂ ಗಟ್ಟಿ. ಮಾವನವರ ಹೆಸರು ಮಲ್ಲಪ್ಪ. ಹೀಗಾಗಿ ಅತ್ತೆಯ ಬಾಯಲ್ಲಿ ಮಲ್ಲಿಗೆ ಹೂವು ಎಂದೂ ಬರಲಿಲ್ಲ, ಅದು "ಬಿಳಿ ಹೂವು". ಅವರ ತವರು ಮಲ್ಲಸಮುದ್ರ. ಗದಗಿನ ಮಗ್ಗುಲಲ್ಲೇ ಇರುವ ಊರು, ಆದರೆ ಬಸ್ಸು ಹತ್ತಿದರೆ ಟಿಕೀಟು ತೆಗೆಸುವುದು ಹೇಗೆ?

ಒಮ್ಮೆ ನಾನೂ ಜೊತೆಗಿದ್ದೆ, ಹೊಸ ಸೊಸೆ. ಕಂಡಕ್ಟರ್ ಬಂದು "ಎಲ್ಲಿಗ್ರಿ ಯಮ್ಮಾ?" ಎಂದ.

"ನಮ್ಮ ತವರಿಗೆ" ಎಂದರು ಅತ್ತೆ.

"ತವರು ಯಾವೂರ್ರಿ?"

"ಅದ, ಗದಗಿನ ಬಾಜೂಕ ಐತಲ್ಲ."

"ಗದಗಿನ ಬಾಜೂಕ ಭಾಳ ಊರದಾವ್ರಿ. ಹೆಸರು ಹೇಳ್ರಿ ಜಲ್ದಿ."

"ನಿನಗ ಹೇಳೇನಲ್ಲೋ ತಮ್ಮಾ, ನಮ್ಮ ಅಣ್ಣ ಇರೂ ಊರು!"

ಬಸ್ಸಿನವರೆಲ್ಲ ನಗತೊಡಗಿದರು. ನನಗೆ ಊರಿನ ಹೆಸರು ಗೊತ್ತಿತ್ತು, ಆದರೆ ಮಾವನವರ ಹೆಸರು ಅದರಲ್ಲಿ ಸೇರಿದ್ದರಿಂದ ಅತ್ತೆಯ ಎದುರು ಸೊಸೆ ಹೇಳಬಹುದೋ ಬಾರದೋ ತಿಳಿಯದೆ ಸುಮ್ಮನೆ ಕಿಟಕಿಯ ಹೊರಗೆ ನೋಡಿದೆ. ಕಡೆಗೆ ಹಿಂದಿನ ಸೀಟಿನ ಮುದುಕನೊಬ್ಬ "ಕೊಡಪಾ, ಮಲ್ಲಸಮುದ್ರಕ್ಕ ಎರಡು ಕೊಡು, ಆಕಿ ಗಂಡನ ಹೆಸರು ನನಗ ಗೊತ್ತೈತಿ" ಎಂದು ಬಿಡಿಸಿದ. ಎಡಿಟರ್ ನನಗೆ 'ಇಂಥ ಕಮಾಂಡು ಇಲ್ಲ' ಎಂದು ಕೆಂಪಕ್ಷರದಲ್ಲಿ ತಿವಿದಾಗಲೆಲ್ಲ ಆ ಕಂಡಕ್ಟರನ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಅವನದಾದರೂ ಏನು ತಪ್ಪು?

ಒಡಪು ಕೂಡಿಸುವ ಕೆಲಸ ಮಾತ್ರ ಚಂದ ನಡೆಯಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಬಳಗದವರಿಗೆಲ್ಲ ಫೋನು ಹಚ್ಚಿದೆ. ಎಲ್ಲರೂ ಮೊದಲು "ಅಯ್ಯ, ಈಗೆಲ್ಲಿ ನೆನಪೈತವ್ವಾ" ಎನ್ನುವವರೇ. ಫೋನು ಇಡುತ್ತೇನೆ ಎಂದಾಗ "ತಡಿ, ತಡಿ" ಎಂದು ಶುರು ಮಾಡುವರು. ಮುಂಡರಗಿಯ ನಮ್ಮ ನೆಗೆಣ್ಣಿ ತನ್ನದನ್ನು ಹೇಳಿ ತಾನೇ ಬಿದ್ದು ಬಿದ್ದು ನಕ್ಕಳು: "ತುಂಗಭದ್ರಿ ನೀರಾಗ ತೇಲಿ ಬಂತು ತೆಪ್ಪ, ಶೇಖರಪ್ಪ ಅವರಿಗೆ ಬೇಕು ರೊಟ್ಟಿ ಮ್ಯಾಲ ತುಪ್ಪ." ಫೋನನ್ನು ಭುಜಕ್ಕೆ ಒತ್ತಿಕೊಂಡು ಕೇಳುತ್ತ ಕೇಳುತ್ತಲೇ ಟೈಪು ಮಾಡುವುದು ನನಗೆ ಬಂದುಬಿಟ್ಟಿತ್ತು, ಅದರದೊಂದು ಸೊಕ್ಕೂ ಬಂದಿತ್ತು. ಗಂಡಂದಿರ ಹೆಸರಿನ ಆಚೆ ಈಚೆ ಒಂದೊಂದು ನಕ್ಷತ್ರದ ಗುರುತು ಹಾಕುತ್ತ ಹೋದೆ. ಯಾಕೆಂದರೆ ಪುಸ್ತಕದಲ್ಲಿ ಹೆಸರುಗಳಿರಬಾರದು, ಅಲ್ಲಿ ಚುಕ್ಕಿಗಳಿರಬೇಕು. ಓದಿದವಳು ಚುಕ್ಕಿ ಇದ್ದಲ್ಲಿ ತನ್ನ ಗಂಡನ ಹೆಸರು ಹಚ್ಚಿ ಹೇಳಬೇಕು, ಅದು ನನ್ನ ಯೋಜನೆ.

ನನ್ನದೂ ಒಂದು ಒಡಪು ಬೇಕಲ್ಲ. "ಬೆಟಗೇರಿ ಸೀರಿಗೆ ಜರದ ಸೆರಗು," ಎಂದು ಒಂದು ಸಾಲು ಬರೆದು ನಿಂತೆ. ನಮ್ಮವರು ಪಕ್ಕದಲ್ಲೇ ಕೂತಿದ್ದರು. ಅರ್ಜಿಗಳಲ್ಲಿ, ರೇಶನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ ಅವರ ಹೆಸರನ್ನು ಬೇಕಾದಷ್ಟು ಸಲ ಬರೆದಿದ್ದೇನೆ. ಆದರೆ ಅವರೆದುರಿಗೇ, ಅದೂ ಒಡಪಿನಲ್ಲಿ, ಬೆರಳು ಏಳಲೊಲ್ಲದು. ಕಿವಿ ಬಿಸಿಯಾಯಿತು.

"ಯಾಕ, ಮುಂದಿನ ಸಾಲು ನೆನಪಿಲ್ಲೇನು?" ಎಂದರು.

"ನೆನಪೈತ್ರಿ. ನೀವು ಸ್ವಲ್ಪ ಆಕಡೆ ಹೋಗ್ರಿ."

ಅವರಿಗೆ ಹೊಳೆಯಿತು. ನಗು ತಡೆದುಕೊಂಡು, "ಹಂಗಾರ ಇವತ್ತ ಮ್ಯಾಕ್ರೊ ಕಲಸ್ತೀನಿ" ಎಂದರು. ಮ್ಯಾಕ್ರೊ ಎಂದರೆ, ನೀವು ಒತ್ತುವ ಗುಂಡಿಗಳನ್ನೆಲ್ಲ ಎಡಿಟರ್ ಒಂದು ಸಲ ನೋಡಿಕೊಂಡು ಬಾಯಿಪಾಠ ಮಾಡುತ್ತದೆ. ಆಮೇಲೆ ಒಂದೇ ಗುಂಡಿ ಒತ್ತಿದರೆ ಅಷ್ಟನ್ನೂ ತಾನೇ ಮಾಡುತ್ತದೆ. ಅವರು 'ನೋಡಿಕೋ' ಎಂಬ ಕಮಾಂಡು ಕೊಟ್ಟು, ತಮ್ಮ ಹೆಸರನ್ನು ತಾವೇ ಟೈಪು ಮಾಡಿ, ಅದನ್ನು ಎಫ್ ಒಂಬತ್ತಕ್ಕೆ ಕಟ್ಟಿದರು. ನಾನು ಒಂದು ಗುಂಡಿ ಒತ್ತಿದೆ. ಹೆಸರು ಬಂತು. "ಅವರ ಲೆಕ್ಕಂದ್ರ ಊರಿಗೇ ಬೆರಗು" ಎಂದು ಮುಗಿಸಿದೆ. ನಾನು ಬರೆಯಲಿಲ್ಲ, ಗುಂಡಿ ಬರೆಯಿತು. ಹೆಸರೇನು ಎಂದು ಓದುಗರು ಕೇಳಬಾರದು, ಇಲ್ಲಿ ನನ್ನ ಹತ್ತಿರ ಆ ಗುಂಡಿ ಇಲ್ಲ.

ಮ್ಯಾಕ್ರೊ ಎಂಬ ಈ ವಿದ್ಯೆ ನನಗೆ ಹೊಸದೆನಿಸಲಿಲ್ಲ. ಮದುವೆಯಾಗಿ ಬೆಟಗೇರಿಗೆ ಬಂದ ಹೊಸದರಲ್ಲಿ ನಮ್ಮ ಓಣಿಯ ತುಂಬ ಮಗ್ಗದ ಸಪ್ಪಳ. ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟುಗಳ ಮಾಲೆ ತಿರುಗುತ್ತಿತ್ತು, ತೂತು ಇದ್ದಂತೆ ಸೆರಗಿನ ಹೂವು. ಒಂದು ಸಲ ಹೊಡೆದಿಟ್ಟರೆ ಮುಗಿಯಿತು, ಹೂವು ತಾನಾಗಿ ಮೂಡುತ್ತಲೇ ಇರುವುದು. ನನ್ನ ಕುಬಸದ ಸೀರೆಯಲ್ಲಿ ಪ್ರತಿ ಹೂವಿಗೂ ಒಂದು ಎಸಳು ಕಡಿಮೆ ಇತ್ತು. ರಟ್ಟಿನಲ್ಲಿ ಎಲ್ಲೋ ಒಂದು ತೂತು ತಪ್ಪಿತ್ತಂತೆ, ಹೀಗಾಗಿ ಸೆರಗಿನ ಉದ್ದಕ್ಕೂ ಅದೇ ತಪ್ಪು. ಆ ಸೀರೆ ನನಗೆ ಈಗಲೂ ಇಷ್ಟ. ತಪ್ಪು ಕೂಡ ಹಾಗೆ ಶಿಸ್ತಾಗಿ ಸಾಲು ಹಿಡಿದು ಬರುತ್ತದೆ ಎಂಬುದನ್ನು ನಾನು ಆಗಲೇ ನೆನಪಿಟ್ಟುಕೊಳ್ಳಬೇಕಿತ್ತು.

ಎಲ್ಲರಿಗಿಂತ ಕೊನೆಗೆ ಫೋನು ಹಚ್ಚಿದ್ದು ಡೋಣಿಗೆ. ಅಲ್ಲಿ ನಮ್ಮವ್ವನ ತಂಗಿ ನೀಲವ್ವ ಇದ್ದಾಳೆ, ಡೋಣಿ ಚಿಗವ್ವ. ಮಗ ಈರಣ್ಣ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಚಿಗವ್ವನ ಗಂಡ, ನಮ್ಮ ಡೋಣಿ ಕಾಕಾ, ತೀರಿಹೋಗಿ ಕೆಲವು ವರ್ಷಗಳಾದವು. ಗಂಡ ಇಲ್ಲದವರಿಗೆ ಒಡಪು ಹೇಳು ಎಂದು ಯಾರೂ ಕೇಳುವುದಿಲ್ಲ. ಕೇಳಲೋ ಬೇಡವೋ ಎಂದು ನಾನೂ ಅಳುಕಿದ್ದೆ. ಕೇಳಿದಾಗ "ತಡಿ" ಎಂದಳು. ಬಾಗಿಲು ಮುಚ್ಚಿದ ಸಪ್ಪಳ ಕೇಳಿಸಿತು. ಆಮೇಲೆ ಮೆಲ್ಲಗೆ ಹೇಳಿದಳು. ನಾನು ಟಕಟಕ ಟೈಪು ಮಾಡಿದೆ, ಕೈಯ ರೂಢಿಯಂತೆ ಹೆಸರಿನ ಆಚೀಚೆ ನಕ್ಷತ್ರ ಹಾಕಿದೆ.

"ಬರಕೊಂಡಿ? ಹಂಗಾರ ಒಂದು ಮಾತು ಕೇಳು" ಎಂದಳು ಚಿಗವ್ವ. "ಎಲ್ಲಾರ ಹೆಸರು ತಗದು ಖಾಲಿ ಬಿಡ್ತೀನಿ ಅಂದಿಯಲ್ಲ, ನಂದು ತಗೀಬ್ಯಾಡವ್ವಾ. ಉಳಿದವ್ರು ಖಾಲಿ ಇದ್ದಲ್ಲೆ ತಮ್ಮ ತಮ್ಮ ಹೆಸರು ತುಂಬಿಕೋತಾರ. ನಂದು ಖಾಲಿ ಬಿಟ್ರ ನನಗ ಖಾಲೀನ ಉಳೀತೈತಿ."

"ಆತು ಚಿಗವ್ವಾ, ತಗಿಯೂದಿಲ್ಲ" ಎಂದೆ. ಫೋನು ಇಟ್ಟು ಅವಳ ಸಾಲಿನ ನಕ್ಷತ್ರ ಅಳಿಸಬೇಕು ಎನ್ನುವಷ್ಟರಲ್ಲಿ ಗ್ಯಾಸಿನ ಸಿಲಿಂಡರಿನವನು ಬಂದು ಗೇಟು ಬಡಿದ. ಎದ್ದುಹೋದೆ.

ಕೆಲವು ದಿನ ಬಿಟ್ಟು ದೊಡ್ಡ ಮ್ಯಾಕ್ರೊ ಮಾಡುವ ದಿನ ಬಂತು. ಇದನ್ನು ನಾನೇ ಕಟ್ಟಿದೆ, ನಮ್ಮವರು ಕೈಕಟ್ಟಿ ನೋಡಿದರು. ಮುಂದಿನ ನಕ್ಷತ್ರ ಹುಡುಕು, ಅಲ್ಲಿಂದ ಇನ್ನೊಂದು ನಕ್ಷತ್ರದ ತನಕ ಅಳಿಸು, ಚುಕ್ಕಿ ಹಾಕು. ಇಷ್ಟನ್ನೂ ಒಂದು ಸಲ ಮಾಡಿ ತೋರಿಸಿ, ಮುಗಿಯುವ ತನಕ ಮಾಡುತ್ತ ಹೋಗು ಎಂದು ಕಮಾಂಡು ಕೊಟ್ಟೆ. ಹುಣಸೆಹಣ್ಣಿನ ಬೀಜ ಬಿಡಿಸಿದ ಹಾಗೆ ಹೆಸರುಗಳು ಟಪಟಪ ಉದುರಿ ಹೋದವು. ಮುಂಡರಗಿಯ ಶೇಖರಪ್ಪನವರು ಹೋದರು, ಶಿರಹಟ್ಟಿಯವರು ಹೋದರು, ನಮ್ಮವರೂ ಹೋದರು. "ಶಾಬ್ಬಾಸ್!" ಎಂದರು ನಮ್ಮವರು. ಅವರ ಬಾಯಿಂದ ಆ ಮಾತು ಕೇಳಲು ನಾನು ಎಷ್ಟು ವರ್ಷ ಕಾದಿದ್ದೆನೋ. ಫೈಲನ್ನು ಉಳಿಸಿ, ಮುಚ್ಚಿ, ಆ ಖುಷಿಗೆ ಶಿರಾ ಮಾಡಿದೆ.

ಮರುದಿನ ಪ್ರೆಸ್ಸಿಗೆ ಕೊಡುವ ಮೊದಲು ಒಮ್ಮೆ ಓದೋಣ ಎಂದು ತೆರೆದೆ. ಡೋಣಿಯ ಒಡಪು ಬಂತು. "ಕಪ್ಪತಗುಡ್ಡದ ಗಾಳಿ ಬೀಸಿದ್ರ ಹೊಲಕ್ಕ ಮಳಿ," ಆಮೇಲೆ ಚುಕ್ಕಿ, ಚುಕ್ಕಿ, ಚುಕ್ಕಿ, "ಅವರು ಬಂದ್ರ ನನ್ನ ಮಾರಿಗೆ ಕಳಿ."

ಅವಳ ಸಾಲಿನ ನಕ್ಷತ್ರ ಅಳಿಸದೆ ಎದ್ದುಹೋದದ್ದು ಆಗ ನೆನಪಾಯಿತು. ಮರಳಿ ತರುವ ಕಮಾಂಡು ಒತ್ತಿದೆ. ತರಲು ಏನೂ ಇಲ್ಲ ಎಂದಿತು. ಫೈಲು ಮುಚ್ಚಿದ ಮೇಲೆ ಹಿಂದಿನದು ಅದಕ್ಕೆ ನೆನಪಿರುವುದಿಲ್ಲವಂತೆ.

"ಒಂದು ಪ್ರತಿ ತಗದಿಡು ಅಂತ ಹೇಳಿದ್ದೆ ಇಲ್ಲೋ?" ಎಂದರು ನಮ್ಮವರು. ನನ್ನ ಮುಖ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು. ಆಮೇಲೆ "ಹೋಗ್ಲಿ, ಹೆಸರು ಟೈಪ್ ಮಾಡಿದ್ರ ಆತಲ್ಲ. ಡೋಣಿ ಕಾಕಾನ ಹೆಸರೇನು?" ಎಂದರು.

ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವರು ನಮಗೆ ಡೋಣಿ ಕಾಕಾ. ನಮ್ಮವ್ವನಿಗೆ ನೀಲಿಯ ಗಂಡ. ಚಿಗವ್ವನಿಗೆ ಈರಣ್ಣನ ಅಪ್ಪ. ಮೊನ್ನೆ ಅವಳು ಹೇಳಿದ ಹೆಸರನ್ನು ನನ್ನ ಬೆರಳು ಟೈಪು ಮಾಡಿತ್ತು, ಕಿವಿಯಲ್ಲಿ ಅದು ನಿಂತಿರಲಿಲ್ಲ. ಈರಣ್ಣನಿಗೆ ಫೋನು ಹಚ್ಚಿದೆ. "ಅಪ್ಪಂದಾ? ಚನ್ನಬಸಪ್ಪ. ಯಾಕಕ್ಕಾ, ಏನರ ಕಾಗದಪತ್ರ ಮಾಡಸಬೇಕೇನು?" ಎಂದ. ಉಸಿರು ಬಂತು. ಚುಕ್ಕಿ ತೆಗೆದು ಚನ್ನಬಸಪ್ಪ ಎಂದು ಹಾಕಿದೆ. ಆದರೂ ಮನಸ್ಸು ತಡೆಯದೆ, ಚಿಗವ್ವನಿಗೆ ಫೋನು ಕೊಡು ಎಂದು ಅವಳಿಗೆ ಓದಿ ಹೇಳಿದೆ.

ಅವಳು ಅಂದಳು: "ಇದು ಹೊಲದ ಉತಾರದಾಗಿನ ಹೆಸರವ್ವಾ. ನಾ ಹೇಳಿದ್ದು ಇದಲ್ಲ."

"ಹಂಗಾರ ಯಾವ್ದು ಚಿಗವ್ವಾ? ಇನ್ನೊಮ್ಮೆ ಹೇಳು."

"ಹೇಳೇನಲ್ಲ ಆವತ್ತು." ಹಿಂದಿನಿಂದ ಈರಣ್ಣನ ಮಾತು, ಆಳುಗಳ ಮಾತು ಕೇಳಿಸುತ್ತಿತ್ತು. ಅವನು ಫೋನನ್ನು ಸ್ಪೀಕರಿಗೆ ಹಾಕಿದ್ದನೆಂದು ಕಾಣುತ್ತದೆ. "ಇರ್ಲಿ ಬಿಡವ್ವಾ. ಹೋತಲ್ಲ, ಹೋಗ್ಲಿ" ಎಂದು ಫೋನು ಕೊಟ್ಟುಬಿಟ್ಟಳು.

'ಹೋಗ್ಲಿ' ಎಂದ ಆ ದನಿ ನನಗೆ ಊಟ ಸೇರಗೊಡಲಿಲ್ಲ. ನಮ್ಮವರು ಎಂದಿನ ಹಾಗೆ ಉಪನ್ಯಾಸ ಕೊಡಲಿಲ್ಲ. ಲ್ಯಾಪ್‌ಟಾಪನ್ನು ಕೈಚೀಲಕ್ಕೆ ಹಾಕಿ, "ನಡಿ, ಡೋಣಿಗೆ ಹೋಗಿ ಬರೂಣು" ಎಂದರು.

ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಕಪ್ಪತಗುಡ್ಡ ಕಾಣುತ್ತಿತ್ತು, ಗುಡ್ಡದ ಮೇಲೆ ಗಾಳಿಪಂಖಗಳು ತಿರುಗುತ್ತಿದ್ದವು. ಗಾಳಿ ಇತ್ತು, ಮೋಡ ಇರಲಿಲ್ಲ. ನಾನು ಇಡೀ ದಾರಿ ಏನು ಹೇಳಲಿ ಎಂದು ಯೋಚಿಸಿದೆ.

ಚಿಗವ್ವ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ನಮ್ಮನ್ನು ನೋಡಿ "ಅಯ್ಯ ನನ್ನವ್ವಾ, ಹೇಳದ ಕೇಳದ ಬಂದೀರಿ! ಬರ್ರಿ ಅಳಿಯಂದಿರ, ಕುಂಡ್ರಿ" ಎಂದು ಎದ್ದಳು. ಯಾಕೆ ಬಂದೆವೆಂದು ಅವಳಿಗೆ ತಿಳಿಯಿತು. ಚಹಾ ಆದ ಮೇಲೆ ಈರಣ್ಣನಿಗೆ, "ಅಳಿಯಂದಿರನ್ನ ಕರ್ಕೊಂಡ ಹೋಗಿ ಉಳ್ಳಾಗಡ್ಡಿ ಹೊಲಾ ತೋರಿಸ್ಕೊಂಡ ಬಾ" ಎಂದಳು. ಸೊಸೆಯನ್ನು ಹಿಟ್ಟು ಬೀಸಿಸಿಕೊಂಡು ಬರಲು ಗಿರಣಿಗೆ ಕಳಿಸಿದಳು. ನಾವಿಬ್ಬರೇ ಉಳಿದೆವು. ನಾನು ಲ್ಯಾಪ್‌ಟಾಪು ತೆರೆದೆ. ಅವಳು ಮೊಣಕಾಲ ಮೇಲೆ ಬಂದು ಪರದೆಯನ್ನು ಇಣುಕಿ ನೋಡಿದಳು.

"ಇದು ಹೇಳಿದ್ದೆಲ್ಲಾ ಮಾಡ್ತೈತೇನು?"

"ಹೆಸರಿಟ್ಟು ಹೇಳಿದ್ರ ಮಾಡ್ತೈತಿ ಚಿಗವ್ವಾ."

"ಹಂಗಾರ ನಮ್ಮಂಥಾಕಿ ಇದರ ಕೂಡ ಬಾಳೇವು ಮಾಡಾಕ ಆಗಂಗಿಲ್ಲ ಬಿಡು" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ಮೆಣಸಿನಕಾಯಿ ಬಿಡಿಸುತ್ತಲೇ ಹೇಳತೊಡಗಿದಳು.

"ಅವ್ರ ಅವ್ವಗ ಕೂಸು ಉಳೀತಿದ್ದಿಲ್ಲಂತ. ಇವ್ರು ಹುಟ್ಟಿದ ಕೂಡ್ಲೇ ತಿಪ್ಪಿ ಮ್ಯಾಲ ಒಂದು ಗಳಿಗಿ ಮಲಗಿಸಿ, ಎತ್ತಿಕೊಂಡು ಬಂದು, ಆ ಹೆಸರಿಟ್ರಂತ. ಉಳದ್ರು. ಸಾಲಿಗೆ ಹಾಕೂ ಮುಂದ ಮಾಸ್ತರು, ಇದೇನ ಹೆಸರು ಅಂತ ಚನ್ನಬಸಪ್ಪ ಮಾಡಿ ಬರಕೊಂಡ್ರು. ಊರಿಗೆಲ್ಲಾ ಅದ ಆತು. ನನ್ನ ಮದವಿ ದಿನಾ ಹೆಸರ ಹೇಳು ಅಂತ ಎಲ್ಲಾರೂ ಗಂಟಬಿದ್ರು. ನನಗೇನ ಗೊತ್ತು, ಅತ್ತಿ ಕರಿಯೂದು ಕೇಳಿದ್ದೆ, ಅದನ್ನ ಹಚ್ಚಿ ಹೇಳಿದೆ. ಹಂದರದಾಗಿನ ಮಂದಿ ಎಲ್ಲಾ ಹೋ ಅಂತ ನಕ್ರು. ಅವ್ರು ನಗಲಿಲ್ಲ. ಆಮ್ಯಾಲ ಅಂದ್ರು, ನಮ್ಮವ್ವನ ಬಿಟ್ರ ನೀನ ಆ ಹೆಸರು ಹಿಡದಾಕಿ, ಬಿಡಬ್ಯಾಡ ಅಂದ್ರು."

ಅವಳ ಕೈ ನಿಂತಿತು. "ನಾ ಬಿಟ್ಟಿಲ್ಲವ್ವಾ. ಆದ್ರ ಬರಿಬಾಯಾಗ ಹೆಂಗ ಅನ್ಲಿ? ಅಲ್ಲೊಂದು ಮದವಿ ಇಲ್ಲೊಂದು ಕುಬಸದಾಗ ಯಾರರ ಒಡಪ ಕೇಳಿದ್ರ ಅನ್ನಾಕ ಸಿಗ್ತಿತ್ತು. ಅವ್ರು ಹೋದ ಮ್ಯಾಲ ಕೇಳೂದೂ ಬಿಟ್ರು."

ನಾನು ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು ಕೂತೆ. ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಮದುಮಗಳ ದನಿಯಲ್ಲಿ ಒಂದೇ ಉಸಿರಿಗೆ ಹೇಳಿದಳು: "ಕಪ್ಪತಗುಡ್ಡದ ಗಾಳಿ ಬೀಸಿದ್ರ ಹೊಲಕ್ಕ ಮಳಿ, ತಿಪ್ಪಣ್ಣ ಅವರು ಬಂದ್ರ ನನ್ನ ಮಾರಿಗೆ ಕಳಿ."

ತಿಪ್ಪಣ್ಣ. ಟೈಪು ಮಾಡಿದೆ. ಈ ಸಲ ನಕ್ಷತ್ರ ಹಾಕಲಿಲ್ಲ. ಉಳಿಸಿದೆ, ಒಂದು ಪ್ರತಿಯನ್ನೂ ತೆಗೆದಿಟ್ಟೆ.

"ಮತ್ತ ಅಳಿಸಿ ಹೋದ್ರ? ನಾ ಇನ್ನೊಮ್ಮೆ ಹೇಳ್ಬೇಕೇನು?" ಎಂದಳು.

"ಬ್ಯಾಡ. ಇದಕ್ಕ ಒಮ್ಮೆ ತೋರಿಸಿದ್ರ ಸಾಕು." ಎಫ್ ಒಂಬತ್ತರಲ್ಲಿ ನಮ್ಮವರು ಕೂತಿದ್ದರು. ಅವರನ್ನು ಎಬ್ಬಿಸಿ ಕಾಕಾನ ಹೆಸರನ್ನು ಅಲ್ಲಿ ಕಟ್ಟಿದೆ. ಒಂದು ಖಾಲಿ ಹಾಳೆ ತೆರೆದು, "ಇಲ್ಲಿ ಒತ್ತಿ ನೋಡು ಚಿಗವ್ವಾ. ನೀ ಏನೂ ಅನ್ನೂದು ಬ್ಯಾಡ" ಎಂದೆ.

ಅವಳು ಕೈ ಒರೆಸಿಕೊಳ್ಳಲೂ ಇಲ್ಲ. ಕೆಂಪಾದ ತೋರುಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿದಳು. ತಿಪ್ಪಣ್ಣ. ಬೆರಳು ತೆಗೆದು ಪರದೆ ನೋಡಿದಳು. ನಾಲ್ಕನೆಯ ಇಯತ್ತೆ ಓದಿದವಳು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಮತ್ತೆ ಒತ್ತಿದಳು. ಆಮೇಲೆ ಬೆರಳನ್ನು ತೆಗೆಯಲೇ ಇಲ್ಲ. ತಿಪ್ಪಣ್ಣ ತಿಪ್ಪಣ್ಣ ತಿಪ್ಪಣ್ಣ ಎಂದು ಒಂದು ಸಾಲು ತುಂಬಿತು, ಕೆಳಗಿನ ಸಾಲು ತುಂಬಿತು, ಪರದೆ ಮೇಲೇರತೊಡಗಿತು. ಅವಳ ತುಟಿ ಅಲುಗುತ್ತಿತ್ತು. ಬೆರಳು ಎತ್ತಿದರೆ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಹೊಲದಿಂದ ಬಂದ ನಮ್ಮವರು ಬಾಗಿಲಲ್ಲಿ ಕಂಡರು, ಪರದೆ ನೋಡಿದರು, ಬಂದ ದಾರಿಯಲ್ಲೇ ತಿರುಗಿ ಹೋಗಿ ಈರಣ್ಣನಿಗೆ ಗೊಬ್ಬರದ ಬಗ್ಗೆ ಏನೋ ಕೇಳತೊಡಗಿದರು. ಗಣಿತದವರಿಗೂ ಒಮ್ಮೊಮ್ಮೆ ತಿಳಿಯುತ್ತದೆ.

ಆ ಕಲೆ ಇದು.

ಪುಸ್ತಕ ಅಚ್ಚಾಯಿತು. ಕುಬಸಕ್ಕೆ ಚಿಗವ್ವನೂ ಬಂದಳು. ಮುಂದೆ ಕೂಡು ಎಂದರೆ ಕೇಳದೆ ಅಡುಗೆಮನೆಯ ಬಾಗಿಲ ಹತ್ತಿರ ಗೋಡೆಗೊರಗಿ ಕೂತಳು. ಹಸಿರು ಸೀರೆಯಲ್ಲಿ ದೀಪಾ, ಸುತ್ತ ಹುಡುಗಿಯರು, ಎಲ್ಲರ ಕೈಯಲ್ಲೂ ಪುಸ್ತಕ. ಚುಕ್ಕಿ ಇದ್ದಲ್ಲಿ ಒಬ್ಬೊಬ್ಬಳೂ ತನ್ನವನ ಹೆಸರು ಹಚ್ಚಿ ಹೇಳುವುದು, ಉಳಿದವರು ಕೇಕೆ ಹಾಕುವುದು. ಮುಂಡರಗಿಯ ತೆಪ್ಪ ತುಪ್ಪಕ್ಕಂತೂ ಸಾಲು ಹಚ್ಚಿದರು. ಶಿರಹಟ್ಟಿಯಿಂದ ಬಂದಿದ್ದ ದೀಪಾಳ ನಾದಿನಿ, ಮೊನ್ನೆ ಮೊನ್ನೆ ಮದುವೆಯಾದವಳು, ಪುಟ ತಿರುವುತ್ತ ಡೋಣಿಯ ಒಡಪಿಗೆ ಬಂದು ನಿಂತಳು.

"ಇದ ಛಲೋ ಐತಿ, ನಾ ಇದನ್ನ ಹೇಳ್ತೀನಿ. ಆದ್ರ ಅತ್ತಿ, ಇದರಾಗ ಚುಕ್ಕಿನ ಇಲ್ಲಲ್ರೀ. ನಮ್ಮವ್ರ ಹೆಸರು ಎಲ್ಲಿ ಹಚ್ಚಲಿ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಬಾಗಿಲಿನಿಂದ ಚಿಗವ್ವನ ದನಿ ಬಂತು.

"ಅದು ಖಾಲಿ ಇಲ್ಲ ತಂಗಿ. ಅಲ್ಲೆ ಕುಂತಾರ. ಮುಂದಿಂದು ನೋಡು."